ಆ ತಾಯಿಗೆ ಯಾಕೆ ಬೈತೀವಿ?

ಪ್ರ: ಮಗುವನ್ನು ಕಾಪಾಡಲು ತಾಯಿ ಒದ್ದಾಡುವ ಸಸ್ಪೆನ್ಸ್ ಸಿನಿಮಾ ಹಾಕಿದರೆ ನಮ್ಮ ಮನೆಯಲ್ಲಿ ಎಲ್ಲರೂ ಆ ತಾಯಿಗೇ ಬೈಯುತ್ತಾರೆ. ‘ಮಗುನ ಒಂದೇ ಬಿಟ್ಟು ಹೋದಳಲ್ಲ!’ ಅಂತ. ಕೊನೆಗೆ ಅವಳಿಗಾಗಿ ಅಳುವವರೂ ಅವರೇ. ಯಾಕೆ ಹೀಗೆ, ಮೇಡಂ?

ಉ: ಬೈಗುಳದಲ್ಲಿ ಎರಡು ಥರ ಇದೆ. ಮೊದಲನೆಯದು ಪ್ರೀತಿಯದು. ಮೇಜಿನ ಕೆಳಗೆ ಬಾಂಬ್ ಇದೆ ಎಂದು ನೋಡುವವರಿಗೆ ಗೊತ್ತಿಲ್ಲದಿದ್ದರೆ ಅದು ಸಿಡಿದಾಗ 15 ಸೆಕೆಂಡ್ ಬೆಚ್ಚುತ್ತಾರೆ, ಮೊದಲೇ ಗೊತ್ತಿದ್ದರೆ 15 ನಿಮಿಷ ಚಡಪಡಿಸುತ್ತಾರೆ ಎಂದು ನಿರ್ದೇಶಕ ಹಿಚ್‌ಕಾಕ್ ಹೇಳುತ್ತಿದ್ದರು. ತಾಯಿಯ ಕಥೆಯಲ್ಲಿ ಆ ಬಾಂಬ್ ಮಗುವಿನ ಪಕ್ಕದಲ್ಲೇ ಇರುತ್ತದೆ. ಅವಳು ಏನೂ ಅರಿಯದೆ ಮಗುವಿನ ತಲೆ ಬಾಚುತ್ತಿರುತ್ತಾಳೆ. ನಮಗೆ ಗೊತ್ತು, ಆದರೆ ಹೇಳಲಾಗದು. ನನ್ನ ಅಮ್ಮ ಇಂಥ ಕಡೆ ಟಿವಿಗೆ ಕೈ ತೋರಿಸಿ ‘ಬಾಗಿಲು ಹಾಕ್ಕೊಳ್ಳೇ!’ ಎಂದು ಕೂಗುತ್ತಾರೆ. ಅದು ಬೈಗುಳವಲ್ಲ, ಸಂಕಟ.

ಎರಡನೆಯದು ನನಗೆ ಸಹಿಸಲಾಗದ್ದು. ‘ತಾಯಿಯಾಗಿ ಹೀಗೆ ಮಾಡಬಹುದಾ?’ ಎನ್ನುವುದು. ಅಪ್ಪ ಎಲ್ಲಿದ್ದಾನೆ ಎಂದು ಯಾರಾದರೂ ಕೇಳುತ್ತಾರಾ? 1949ರಲ್ಲಿ ಬಂದ ‘ದ ರೆಕ್‌ಲೆಸ್ ಮೊಮೆಂಟ್’ ಸಿಕ್ಕರೆ ನೋಡಿ. ಮಾಕ್ಸ್ ಒಫುಲ್ಸ್ ನಿರ್ದೇಶನ, ತಾಯಿಯ ಪಾತ್ರದಲ್ಲಿ ಜೋನ್ ಬೆನೆಟ್. ಮಗಳ ಪ್ರಿಯಕರ ಸತ್ತು ಬಿದ್ದಿರುತ್ತಾನೆ. ಮಗಳ ಮೇಲೆ ಅನುಮಾನ ಬರುತ್ತದೆಂದು ತಾಯಿ ಒಬ್ಬಳೇ ಹೆಣವನ್ನು ದೋಣಿಗೆ ಹಾಕಿಕೊಂಡು ಹೋಗುತ್ತಾಳೆ. ಆಮೇಲೆ 5,000 ಡಾಲರ್ ಕೊಡು ಎಂದು ಬ್ಲ್ಯಾಕ್‌ಮೇಲ್ ಶುರು. ಒಡವೆ ಅಡವಿಡಲು ಹೋಗುತ್ತಾಳೆ. ಗಂಡ ಕೆಲಸದ ಮೇಲೆ ಬರ್ಲಿನ್‌ನಲ್ಲಿ. ಸಿನಿಮಾ ಮುಗಿದರೂ ಅವನ ಮುಖ ನಮಗೆ ಕಾಣುವುದಿಲ್ಲ. ಇಷ್ಟೆಲ್ಲ ನೋಡಿಯೂ ‘ಮಗಳನ್ನು ಸರಿಯಾಗಿ ಬೆಳೆಸಲಿಲ್ಲ’ ಎಂದು ಅವಳನ್ನೇ ಅನ್ನುವವರಿದ್ದಾರೆ. ನನಗೆ ನಿಜಕ್ಕೂ ನೋವಾಗುತ್ತದೆ.

ಪ್ರ: ಹೆಣ ಬಚ್ಚಿಡುವುದು ಅಪರಾಧ ಅಲ್ವಾ? ಆದರೂ ಅವಳು ಸಿಕ್ಕಿಬೀಳಬಾರದು ಅನಿಸುತ್ತದೆ. ನಾನು ಹೀಗೆ ಬಯಸುವುದು ಸರಿಯಾ?

ಉ: ಅಪರಾಧವೇ. ಆದರೂ ನೀವು ಹಾಗೆ ಬಯಸಿದ್ದರಲ್ಲಿ ತಪ್ಪಿಲ್ಲ. ಕಥೆ ನಿಮ್ಮನ್ನು ಅವಳ ಪಕ್ಕದಲ್ಲೇ ನಿಲ್ಲಿಸಿದೆ. ಪೊಲೀಸರಿಗೆ ಬರೀ ಹೆಣ ಕಾಣುತ್ತದೆ. ನಿಮಗೆ ಅವಳ ಇಡೀ ದಿನ ಕಂಡಿದೆ. ಇದೇ ಕಥೆಯನ್ನು 2001ರಲ್ಲಿ ‘ದ ಡೀಪ್ ಎಂಡ್’ ಎಂದು ಮತ್ತೆ ತೆಗೆದರು. ಈ ಸಲ ಮಗಳ ಬದಲು ಮಗ, 5,000ದ ಬದಲು 50,000 ಡಾಲರ್. ತಾಯಿಯಾದ ಟಿಲ್ಡಾ ಸ್ವಿಂಟನ್ ಒಂದು ಕಡೆ ದುಡ್ಡಿಗೆ ಅಲೆಯಬೇಕು, ಇನ್ನೊಂದು ಕಡೆ ಮಕ್ಕಳು, ಮನೆಗೆಲಸ, ವಯಸ್ಸಾದ ಮಾವ. ಆ ಮಾವನಿಗೆ ಎದೆನೋವು ಬಂದು ಕುಸಿದಾಗ, ದುಡ್ಡು ಕೇಳಲು ಬಂದವನೇ ಕೂತು ಎದೆ ಒತ್ತಿ ಉಸಿರು ಉಳಿಸುತ್ತಾನೆ. ಅಷ್ಟರಲ್ಲಿ ಅವಳ ಪಾಡು ಅವನಿಗೂ ಕಂಡಿರುತ್ತದೆ. ಬೆದರಿಸಲು ಬಂದವನ ಮನಸ್ಸೇ ಕರಗಿದ ಮೇಲೆ ನಿಮ್ಮದು ಕರಗದೆ ಇರುತ್ತಾ?

ಪ್ರ: ಇಂಥವುಗಳಲ್ಲಿ ಅಳು, ಹಿನ್ನೆಲೆ ಸಂಗೀತ ಎರಡೂ ಜಾಸ್ತಿ ಅನಿಸುವುದಿಲ್ಲವೇ?

ಉ: ಕೆಲವದರಲ್ಲಿ ಜಾಸ್ತಿಯೇ. ಆದರೆ ಬಾಯಿಬಿಟ್ಟು ಹೇಳಲಾಗದ ಗುಟ್ಟು ಇಟ್ಟುಕೊಂಡವಳ ಭಯ ಎಲ್ಲಾದರೂ ಹೊರಗೆ ಬರಬೇಕಲ್ಲ. ನಾನು ಬೇಡ ಅನ್ನುವುದು ಒಂದನ್ನೇ: ಪ್ರತಿ ಹತ್ತು ನಿಮಿಷಕ್ಕೊಮ್ಮೆ ಸುಮ್ನೆ ಮಗುವನ್ನು ಅಳಿಸುವುದು.

ಪ್ರ: ಆರು ವರ್ಷದ ಮಗಳು ಪಕ್ಕದಲ್ಲಿ ಕೂತು ನೋಡುತ್ತಾಳೆ. ಪರವಾಗಿಲ್ಲವಾ?

ಉ: ಹೆಣ, ಬೆದರಿಕೆ ಇರುವುದನ್ನು ಅವಳು ಮಲಗಿದ ಮೇಲೆ ನೋಡಿ. ಉಳಿದವನ್ನು ಜೊತೆಗೆ ನೋಡಿದರೂ ಒಂದು ಮಾತು. ನಿಮಗೆ ಅದು ಮಗು ಕಳೆದುಹೋದ ಕಥೆ, ಅವಳಿಗೆ ಅಮ್ಮ ಕಳೆದುಹೋದ ಕಥೆ. ಕೊನೆಗೆ ಇಬ್ಬರೂ ಸಿಗುತ್ತಾರೆ ಎಂದು ಮೊದಲೇ ಹೇಳಿಬಿಡಿ. ಸಸ್ಪೆನ್ಸ್ ಹಾಳಾದರೆ ಆಗಲಿ. ನಡುವೆ ಎದ್ದು ಅಡುಗೆಮನೆಗೆ ಹೋಗಬೇಕಾದರೆ ಅವಳನ್ನೂ ಕರೆದುಕೊಂಡು ಹೋಗಿ.