ಮಾಗದ ಹುಣ್ಣಿಗೆ ಎಕ್ಸೋಸೋಮ್ ಇಂಜೆಕ್ಷನ್ ಕೊಡಿಸಬಹುದೇ?

ಪ್ರಶ್ನೆ: ಸಕ್ಕರೆ ಕಾಯಿಲೆ ಇರುವ ನನ್ನ ತಾಯಿಗೆ ಅಂಗಾಲಿನಲ್ಲಿ ಹುಣ್ಣಾಗಿ ಮೂರು ತಿಂಗಳಾದರೂ ಮಾಗಿಲ್ಲ. ಜೀವಕೋಶಗಳಿಂದ ತೆಗೆದು ಮಾರ್ಪಡಿಸಿದ ಸೂಕ್ಷ್ಮ ಚೀಲಗಳು ಇಂಥ ಗಾಯವನ್ನು ಗುಣಪಡಿಸುತ್ತವೆ ಎಂದು ಓದಿದೆ. ಒಂದು ಕ್ಲಿನಿಕ್‌ನವರು ಎಕ್ಸೋಸೋಮ್ ಇಂಜೆಕ್ಷನ್ ಕೊಡುತ್ತೇವೆ ಎನ್ನುತ್ತಿದ್ದಾರೆ. ಕೊಡಿಸಬಹುದೇ ಡಾಕ್ಟರೇ?

ಉತ್ತರ: ಈಗ ಬೇಡ. ನೀವು ಓದಿದ್ದು ಸುಳ್ಳಲ್ಲ, ಆದರೆ ಅದಿನ್ನೂ ಪ್ರಯೋಗಾಲಯದ ಮಾತು.

ನಮ್ಮ ಜೀವಕೋಶಗಳು ಪೊರೆ ಸುತ್ತಿದ ಪುಟ್ಟ ಚೀಲಗಳನ್ನು ಸದಾ ಹೊರಬಿಡುತ್ತಿರುತ್ತವೆ. ಅವುಗಳಲ್ಲೊಂದು ಬಗೆ ಎಕ್ಸೋಸೋಮ್. ಅಳತೆ ಸುಮಾರು 30ರಿಂದ 150 ನ್ಯಾನೋಮೀಟರ್ (ಮಿಲಿಮೀಟರಿನ ಹತ್ತು ಲಕ್ಷದ ಒಂದು ಭಾಗವೇ ನ್ಯಾನೋಮೀಟರ್). 1980ರ ದಶಕದಲ್ಲಿ ಇವು ಕಣ್ಣಿಗೆ ಬಿದ್ದಾಗ ಕೋಶ ತನ್ನ ಕಸ ಹೊರಹಾಕುತ್ತಿದೆ ಎಂದೇ ತಿಳಿದಿದ್ದರು. ಒಳಗಿರುವ ಪ್ರೋಟೀನ್, ಆರ್‌ಎನ್‌ಎ (ಕೋಶಕ್ಕೆ ಸೂಚನೆ ಒಯ್ಯುವ ಅಣು) ತುಣುಕುಗಳು ಬೇರೆ ಕೋಶಗಳ ನಡವಳಿಕೆಯನ್ನೇ ಬದಲಿಸುತ್ತವೆ ಎಂಬುದು ಗೊತ್ತಾದದ್ದು ಆಮೇಲೆ.

ಸಕ್ಕರೆ ಕಾಯಿಲೆಯವರ ಹುಣ್ಣು ಉರಿಯೂತದ ಹಂತದಲ್ಲೇ ಸಿಕ್ಕಿಕೊಳ್ಳುತ್ತದೆ. ಮ್ಯಾಕ್ರೋಫೇಜ್ ಎಂಬ ರಕ್ಷಕ ಕೋಶಗಳು ಕಾದಾಟ ಬಿಟ್ಟು ದುರಸ್ತಿಗೆ ಹೊರಳುವುದಿಲ್ಲ, ಹೊಸ ರಕ್ತನಾಳಗಳು ಸರಿಯಾಗಿ ಚಿಗುರುವುದಿಲ್ಲ. ಸ್ಟೆಮ್ ಸೆಲ್ (ಬೇರೆ ಬಗೆಯ ಕೋಶಗಳಾಗಿ ಬೆಳೆಯಬಲ್ಲ ಮೂಲ ಕೋಶ) ಬಿಡುವ ಚೀಲಗಳು ಇವೆರಡಕ್ಕೂ ನೆರವಾಗುವುದು ಇಲಿಗಳಲ್ಲಿ ಮತ್ತೆ ಮತ್ತೆ ಕಂಡಿದೆ. ಮಾರ್ಪಡಿಸುವುದೆಂದರೆ ಬೇಕಾದ ಆರ್‌ಎನ್‌ಎ ತುಂಬುವುದು, ಗುರಿಯ ಕೋಶಕ್ಕೇ ಅಂಟುವಂತೆ ಮೇಲ್ಮೈಗೆ ಪೆಪ್ಟೈಡ್ ಎಂಬ ಪುಟ್ಟ ಪ್ರೋಟೀನ್ ತುಣುಕು ಜೋಡಿಸುವುದು. ಕೋಶಗಳು ತಾವಾಗಿ ಬಿಡುವ ಚೀಲಗಳು ಸಾಲವು. ಹಾಗಾಗಿ ಇಡೀ ಕೋಶಗಳನ್ನೇ ಅತಿ ಸಣ್ಣ ರಂಧ್ರಗಳ ಫಿಲ್ಟರ್‌ನಲ್ಲಿ ಒತ್ತಿ ತೂರಿಸಿ ಚೀಲಗಳನ್ನಾಗಿಸುವವರೂ ಇದ್ದಾರೆ. (ಈ ಉಪಾಯ ನನಗೆ ಬಹಳ ಹಿಡಿಸಿದೆ.) ಗಾಯದಲ್ಲಿ ಹೆಚ್ಚು ಹೊತ್ತು ನಿಲ್ಲಲೆಂದು ಹೈಡ್ರೋಜೆಲ್ ಎಂಬ ನೀರು ಹಿಡಿದಿಡುವ ಲೋಳೆಯಲ್ಲಿ ಬೆರೆಸುವುದೂ ಉಂಟು.

ತೊಡಕಿರುವುದು ಇಲ್ಲೇ. ಇಲಿಯ ಗಾಯ ಬಹುಪಾಲು ಸುತ್ತಲಿನ ಚರ್ಮ ಸೆಳೆದುಕೊಂಡು ಮುಚ್ಚುತ್ತದೆ. ನಿಮ್ಮ ತಾಯಿಯ ಅಂಗಾಲು ಹಾಗೆ ಮುಚ್ಚದು. ತಯಾರಿಸಿದ ಚೀಲಗಳ ಒಂದು ಬ್ಯಾಚಿನಂತೆ ಇನ್ನೊಂದು ಬರುವ ಭರವಸೆಯೂ ಇಲ್ಲ. ಅನುಮೋದನೆಯಿಲ್ಲದ ಎಕ್ಸೋಸೋಮ್ ಉತ್ಪನ್ನಗಳಿಂದ ರೋಗಿಗಳಿಗೆ ಗಂಭೀರ ತೊಂದರೆಯಾದ ಮೇಲೆ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ 2019ರಲ್ಲಿ ಸಾರ್ವಜನಿಕ ಎಚ್ಚರಿಕೆ ಕೊಟ್ಟಿತ್ತು. ನೋಂದಾಯಿತ ಕ್ಲಿನಿಕಲ್ ಟ್ರಯಲ್ (ಮನುಷ್ಯರ ಮೇಲೆ ನಡೆಸುವ ಚಿಕಿತ್ಸಾ ಪರೀಕ್ಷೆ) ಆದರೆ ಯೋಚಿಸಬಹುದು. ಅಂಥದರಲ್ಲಿ ಇಂಜೆಕ್ಷನ್‌ಗೆ ದುಡ್ಡು ಕೇಳಿದರೆ ಅನುಮಾನಪಡಿ.

ಅದಕ್ಕೂ ಮೊದಲು, ಕಾಲಿಗೆ ರಕ್ತ ಸರಿಯಾಗಿ ಹರಿಯುತ್ತಿದೆಯೇ, ಸೋಂಕು ಮೂಳೆಗೆ ಇಳಿದಿದೆಯೇ ನೋಡಿಸಿದ್ದೀರಾ? ಸತ್ತ ಚರ್ಮ ತೆಗೆಸಿ, ಹುಣ್ಣಿನ ಮೇಲೆ ದೇಹದ ಭಾರ ಬೀಳದಂತೆ ವಿಶೇಷ ಪಾದರಕ್ಷೆಯನ್ನೋ ಕ್ಯಾಸ್ಟನ್ನೋ ಹಾಕಿಸಿದ್ದೀರಾ? ರಕ್ತವೇ ತಲುಪದ ಜಾಗದಲ್ಲಿ, ದಿನವೂ ತುಳಿತಕ್ಕೆ ಸಿಗುವ ಹುಣ್ಣಿನಲ್ಲಿ, ಎಷ್ಟೇ ಜಾಣ ಚೀಲವೂ ಏನೂ ಮಾಡಲಾರದು. ಕಾಲು ಕಪ್ಪಾದರೆ, ದುರ್ವಾಸನೆ ಬಂದರೆ ಅಥವಾ ಜ್ವರ ಕಾಣಿಸಿಕೊಂಡರೆ ಅಂದೇ ಆಸ್ಪತ್ರೆಗೆ ಕರೆದೊಯ್ಯಿರಿ.