0.98 ಬಂತು ಅಂತ ಷೇರು ತಗೋಬೇಡಿ

ಕೆಲವು ತಿಂಗಳಿಂದ ಒಂದೇ ಪ್ರಶ್ನೆ ಬೇರೆ ಬೇರೆ ಅಂಗಿ ಹಾಕಿಕೊಂಡು ಬರುತ್ತಿದೆ. ಯಾರೋ ವಿಡಿಯೊದಲ್ಲಿ ಹೇಳಿಕೊಟ್ಟಿರಬೇಕು. ಹಾಗಾಗಿ ಈ ಸಲ ಅದಕ್ಕೇ ಜಾಗ ಜಾಸ್ತಿ. ಎನ್‌ಪಿಎ ಅಂದ್ರೆ ಬಾಕಿ ಬಿದ್ದು ಕೆಟ್ಟ ಸಾಲ, ಷೆಡ್ಯೂಲ್ ಅಂದ್ರೆ ಬ್ಯಾಂಕಿನ ವಾರ್ಷಿಕ ಲೆಕ್ಕಪತ್ರದ ಜೊತೆಗಿರುವ ವಿವರಪಟ್ಟಿ. ಇದಕ್ಕಿಂತ ಹೆಚ್ಚು ಮೊದಲಿಂದ ಹೇಳುತ್ತಾ ಕೂರುವುದಿಲ್ಲ. ಬ್ಯಾಂಕ್ ಷೇರಿಗೆ ದುಡ್ಡು ಹಾಕಲು ಹೊರಟವರಿಗೆ ಅಷ್ಟಾದರೂ ಗೊತ್ತಿರಬೇಕು.

ಪ್ರಶ್ನೆ: ಸರ್, ಒಂದು ಬ್ಯಾಂಕಿನ 5 ವರ್ಷದ ಲೆಕ್ಕ ಎಕ್ಸೆಲ್‌ಗೆ ಹಾಕಿ ಕೋರಿಲೇಶನ್ (ಎರಡು ಅಂಕಿ ಎಷ್ಟು ಜೊತೆಜೊತೆಗೆ ಏರಿಳಿಯುತ್ತವೆ ಅನ್ನುವ ಅಳತೆ, 1 ಅಂದರೆ ಪೂರ್ತಿ ಜೊತೆ) ತೆಗೆದೆ. ಠೇವಣಿಗೂ ಸಾಲಕ್ಕೂ 0.98, ಸಾಲಕ್ಕೂ ಬಡ್ಡಿ ಆದಾಯಕ್ಕೂ 0.97 ಬಂತು. ಬ್ಯಾಂಕ್ ಗಟ್ಟಿ ಇದೆ ಅಂತ ಅರ್ಥ ಅಲ್ವಾ? ಷೇರು ತಗೊಳ್ಳಲಾ?
(ಓದುಗರೊಬ್ಬರು, ಟಿಳಕವಾಡಿ, ಬೆಳಗಾವಿ)

ಉತ್ತರ: ಅಲ್ಲ. ಬೆಳೆಯುತ್ತಿರುವ ಯಾವ ಬ್ಯಾಂಕಿನದ್ದು ಹಾಕಿದರೂ ಹೆಚ್ಚುಕಡಿಮೆ ಅಷ್ಟೇ ಬರುತ್ತದೆ. ವರ್ಷ ವರ್ಷ ಏರುವ ಎರಡು ಅಂಕಿಗಳನ್ನು ಪಕ್ಕಪಕ್ಕ ಇಟ್ಟರೆ ಸಂಬಂಧ ತಾನಾಗಿ ಕಾಣುತ್ತದೆ. ನಿಮ್ಮ ಮಗನ ಎತ್ತರವನ್ನೂ ಆ ಬ್ಯಾಂಕಿನ ಠೇವಣಿಯನ್ನೂ ಹಾಕಿ ನೋಡಿ, ಹತ್ತಿರ ಹತ್ತಿರ ಅದೇ ಬರಬಹುದು. ಮೊತ್ತ ಬಿಡಿ. ಹಿಂದಿನ ವರ್ಷಕ್ಕಿಂತ ಶೇಕಡಾ ಎಷ್ಟು ಏರಿತು ಅನ್ನೋದನ್ನು ಹಾಕಿ. ಆಗ ನಿಮ್ಮ 5 ವರ್ಷದಿಂದ ಉಳಿಯುವುದು ಬರೀ 4 ಜೋಡಿ. 4 ಜೋಡಿಗೆ 0.95 ದಾಟದಿದ್ದರೆ ಅದು ಸುಮ್ನೆ ಆಕಸ್ಮಿಕ ಇರಬಹುದು ಅನ್ನುತ್ತದೆ ಸಂಖ್ಯಾಶಾಸ್ತ್ರದ ಮಾಮೂಲಿ ಶೇ 5ರ ಅಳತೆ. 20 ಜೋಡಿ ಇದ್ದರೆ 0.444 ಸಾಕು. ಅದಕ್ಕೇ ತ್ರೈಮಾಸಿಕ ಅಂಕಿ ತಗೊಳ್ಳಿ ಅಂತ ಬಾಯಿ ನೋಯುವಷ್ಟು ಹೇಳುತ್ತಿದ್ದೇನೆ.

ನಡುವೆ ವಿಲೀನ ಏನಾದರೂ ಆಗಿದೆಯಾ ನೋಡಿದಿರಾ? ಸಿಂಡಿಕೇಟ್ ಬ್ಯಾಂಕ್ 2020ರ ಏಪ್ರಿಲ್ 1ರಂದು ಕೆನರಾ ಬ್ಯಾಂಕಿಗೆ ಸೇರಿತು. ಆ ವರ್ಷ ಠೇವಣಿ, ಸಾಲ, ಬಡ್ಡಿ ಎಲ್ಲವೂ ಒಟ್ಟಿಗೆ ಜಿಗಿದವು. ಅಂಥ ಒಂದೇ ಒಂದು ವರ್ಷ ಸಾಕು, ಇಡೀ ಕೋರಿಲೇಶನ್ನನ್ನು ಎತ್ತಿ ಅಟ್ಟಕ್ಕೇರಿಸಲು.

ಅಂಕಿ ಎಷ್ಟು ಬಂತು ಅನ್ನೋದು ನನಗೆ ಮುಖ್ಯವೇ ಅಲ್ಲ. ಜೊತೆಗೆ ನಡೆಯಬೇಕಾದ ಎರಡು ಲೆಕ್ಕ ಯಾವಾಗ ಬೇರೆ ದಾರಿ ಹಿಡಿದವು ಅಂತ ನೋಡುತ್ತೇನೆ. ಸರಾಸರಿ ಸಾಲ 1,000 ಕೋಟಿ, ಬಡ್ಡಿ ಆದಾಯ 100 ಕೋಟಿ ಅಂತಿಟ್ಟುಕೊಳ್ಳಿ. ಮರುವರ್ಷ ಸಾಲ 1,200 ಕೋಟಿ ಆಯಿತು. ಬಡ್ಡಿ 120 ಬರಬೇಕಿತ್ತು, ಬಂದದ್ದು 104. ಬಡ್ಡಿ ದರ ಇಳಿದಿಲ್ಲ, ಕಡಿಮೆ ದರದ ಗೃಹಸಾಲದ ಕಡೆ ವಾಲಿಯೂ ಇಲ್ಲ ಅಂತಾದರೆ ಉಳಿದ 16 ಕೋಟಿ ಎಲ್ಲಿ? ಸಾಲ ಎನ್‌ಪಿಎ ಆದರೆ ಕೈಗೆ ಬಾರದ ಬಡ್ಡಿಯನ್ನು ಆದಾಯಕ್ಕೆ ಹಿಡಿಯುವಂತಿಲ್ಲ. ಮೊದಲು ಅನುಮಾನ ಪಡಬೇಕಾದ್ದು ಅಲ್ಲೇ.

ಬಡ್ಡಿ ಸರಿಯಾಗಿ 120 ಬಂದರೂ ನಾನು ನಿದ್ದೆ ಮಾಡುವುದಿಲ್ಲ. ಕೆಲವು ವರ್ಷದ ಹಿಂದೆ ಏಪ್ರಿಲ್‌ನಲ್ಲಿ ಬಾಗಲಕೋಟೆ ಕಡೆಯ ಒಂದು ಶಾಖೆಗೆ ಆಡಿಟ್‌ಗೆ ಹೋಗಿದ್ದೆ. ಫ್ಯಾನಿನ ಗಾಳಿಗೆ ವೋಚರ್ ಹಾರದಂತೆ ಮೇಲೆ ಸ್ಟ್ಯಾಂಪ್ ಪ್ಯಾಡ್ ಇಟ್ಟುಕೊಂಡು ಕೂತಿದ್ದೆ. ಒಂದು ಖಾತೆಯಲ್ಲಿ ಮಾರ್ಚ್ 29ಕ್ಕೆ ಹಳೆ ಸಾಲ ಪೂರ್ತಿ ತೀರಿತ್ತು. ಅವತ್ತೇ ಅದೇ ಮನೆಯ ಇನ್ನೊಬ್ಬರ ಹೆಸರಲ್ಲಿ ಹೊಸ ಸಾಲ. ಮೊತ್ತ ಕೂಡಿಸಿ ನೋಡಿದೆ. ಹಳೆ ಅಸಲು, ಅದರ ಬಡ್ಡಿ, ರೂಪಾಯಿಗೆ ರೂಪಾಯಿ ಸರಿ. ಕೇಳಿದ್ದಕ್ಕೆ ಮ್ಯಾನೇಜರ್ "ಮೊದ್ಲ ಚಾ ತಗೋರಿ ಸರ್" ಅಂದರು. ಆ ಮನೆಯ ಸಾಲವೂ ಏರಿತು, ಬಡ್ಡಿಯೂ ಜಮೆ ಆಯಿತು. ನಿಮ್ಮ ಎಕ್ಸೆಲ್ ಅದಕ್ಕೆ ಫಸ್ಟ್ ಕ್ಲಾಸ್ ಕೊಡುತ್ತಿತ್ತು. ಬ್ಯಾಂಕಿನದೇ ದುಡ್ಡು ಸುತ್ತಿ ಬ್ಯಾಂಕಿಗೆ ಬಂದಿತ್ತು, ಹೊರಗಿಂದ ಒಂದು ಪೈಸೆ ಬಂದಿರಲಿಲ್ಲ.

ಹೊರಗಿನವರಿಗೆ ಇಂಥ ಖಾತೆ ಕಾಣಲ್ಲ, ನಿಜ. ಆದರೆ ಷೆಡ್ಯೂಲ್ 11ರಲ್ಲಿ ಇನ್ನೂ ಕೈಗೆ ಬಾರದ ಬಡ್ಡಿಯ ಸಾಲು ಒಂದಿರುತ್ತದೆ. ಬಡ್ಡಿ ಆದಾಯ ಶೇ 20 ಏರಿದಾಗ ಅದು ಎರಡೂವರೆ ಪಟ್ಟಾಗಿದ್ದರೆ ಯಾಕೆ ಅಂತ ಕೇಳಿ. ಹೂಡಿಕೆಯ ಬಡ್ಡಿಯೂ ಅದರೊಳಗೇ ಇರುವುದರಿಂದ ಇದು ಸುಳಿವು ಮಾತ್ರ, ತೀರ್ಪಲ್ಲ. ಬಡ್ಡಿಯನ್ನು ಸಾಲದ ಖಾತೆಗೇ ಸೇರಿಸಿದ್ದರೆ ಇಲ್ಲಿ ಗೊತ್ತಾಗುವುದೂ ಇಲ್ಲ. ಸಾಲದ ಮೊತ್ತವೇ ಉಬ್ಬಿರುತ್ತದೆ.

ಇನ್ನು ಎನ್‌ಪಿಎ. ಈ ವರ್ಷದ ಎನ್‌ಪಿಎಯನ್ನು ಈ ವರ್ಷದ ಸಾಲಕ್ಕೆ ಭಾಗಿಸಿ ಶೇ 2 ಅಂತ ಹೆಮ್ಮೆಯಿಂದ ತೋರಿಸುತ್ತಾರೆ. ಹೋದ ತಿಂಗಳು ಕೊಟ್ಟ ಸಾಲ ಎನ್‌ಪಿಎ ಆಗಲು ಅದಕ್ಕಿನ್ನೂ ವಯಸ್ಸೇ ಆಗಿಲ್ಲ, ಬಾಕಿ 90 ದಿನ ದಾಟಬೇಕು. 2 ವರ್ಷದ ಹಿಂದಿನ ಸಾಲಕ್ಕೆ ಭಾಗಿಸಿ. ಸಾಲ ಅಷ್ಟರಲ್ಲಿ ದುಪ್ಪಟ್ಟಾಗಿದ್ದರೆ ಅದೇ ಶೇ 2 ಶೇ 4 ಆಗುತ್ತದೆ. ಷೆಡ್ಯೂಲ್ 18ರಲ್ಲಿ ಎನ್‌ಪಿಎ ಇಳಿದದ್ದು ವಸೂಲಿಯಿಂದಲೋ ರೈಟ್ ಆಫ್‌ನಿಂದಲೋ (ಇನ್ನು ಬಾರದು ಅಂತ ಲೆಕ್ಕದಿಂದ ತೆಗೆದುಹಾಕಿದ್ದರಿಂದಲೋ) ಅಂತಲೂ ನೋಡಿ.

ಇಷ್ಟೆಲ್ಲ ಮಾಡಿದ ಮೇಲೂ ಅಂಕಿಯೇ ಸುಳ್ಳಾಗಿದ್ದರೆ? ಯೆಸ್ ಬ್ಯಾಂಕ್ 2016ರ ಮಾರ್ಚ್‌ಗೆ ತೋರಿಸಿದ ಒಟ್ಟು ಎನ್‌ಪಿಎ ಸುಮಾರು 749 ಕೋಟಿ. ಆರ್‌ಬಿಐ ಲೆಕ್ಕ ಹಾಕಿದಾಗ ಸುಮಾರು 4,926 ಕೋಟಿ. ಮರುವರ್ಷದ ವಾರ್ಷಿಕ ವರದಿಯಲ್ಲಿ ಇದು ಅಚ್ಚಾಗಿತ್ತು. 2020ರ ಮಾರ್ಚ್‌ನಲ್ಲಿ ಠೇವಣಿದಾರರು ದುಡ್ಡು ತೆಗೆಯಲು 50,000 ರೂಪಾಯಿಯ ಮಿತಿ ಬಿತ್ತು. ನಾನಾದರೆ ಆರ್‌ಬಿಐ ಲೆಕ್ಕಕ್ಕೂ ಬ್ಯಾಂಕಿನ ಲೆಕ್ಕಕ್ಕೂ ಒಮ್ಮೆ ಇಷ್ಟು ಅಂತರ ಬಂದ ಷೇರನ್ನು ಮುಟ್ಟುವುದಿಲ್ಲ. ಅದು ಆಮೇಲೆ ಎಷ್ಟೇ ಏರಲಿ. ಹೆದರುಪುಕ್ಕಲ ಅನ್ನಿ, ಬೇಜಾರಿಲ್ಲ.

ಪ್ರಶ್ನೆ: ನಮ್ಮೂರ ಸೌಹಾರ್ದ ಸಹಕಾರಿಯ ಷೇರಿಗೂ ಈ ಲೆಕ್ಕ ಹಾಕಬಹುದಾ? (ಜಮಖಂಡಿ)

ಉತ್ತರ: ಅದು ಮಾರುಕಟ್ಟೆಯಲ್ಲಿ ಮಾರುವ ಷೇರೇ ಅಲ್ಲ. ಅಲ್ಲಿಟ್ಟ ಠೇವಣಿಗೆ ಬ್ಯಾಂಕಿನ ಹಾಗೆ 5 ಲಕ್ಷದ ವಿಮೆಯೂ ಇಲ್ಲ, ಮೊದಲು ಅದನ್ನು ತಿಳ್ಕೊಳ್ಳಿ.

ಪ್ರಶ್ನೆ: ಟೆಲಿಗ್ರಾಂ ಗುಂಪಿನಲ್ಲಿ 4,999 ರೂಪಾಯಿಗೆ ಬ್ಯಾಂಕ್ ಷೇರುಗಳ ರಹಸ್ಯ ಕೋರಿಲೇಶನ್ ಶೀಟ್ ಕೊಡ್ತಾರಂತೆ. (ವಿಜಯಪುರ)

ಉತ್ತರ: ಆ ದುಡ್ಡಿಗೆ ನಿಮ್ಮೂರ ಒಣದ್ರಾಕ್ಷಿ ತಗೊಳ್ಳಿ. ಷೇರುಪೇಟೆ ನಿಯಂತ್ರಕ ಸೆಬಿಯ ನೋಂದಣಿ ಇದೆಯಾ ಅಂತ ಕೇಳಿ ನೋಡಿ, ಅವರೇ ನಿಮ್ಮನ್ನು ಗುಂಪಿನಿಂದ ತೆಗೆಯುತ್ತಾರೆ.

ಪ್ರಶ್ನೆ: ಒಂದು ಬ್ಯಾಂಕಿನ ಷೇರು ಬುಕ್ ವ್ಯಾಲ್ಯೂಗಿಂತ (ಲೆಕ್ಕಪತ್ರದ ಪ್ರಕಾರ ಒಂದು ಷೇರಿನ ಪಾಲಿಗೆ ಬರುವ ಬ್ಯಾಂಕಿನ ಸ್ವಂತ ಬಂಡವಾಳ) ಕಡಿಮೆಗೆ ಸಿಗ್ತಿದೆ, ಅಗ್ಗ ಅಲ್ವಾ? (ಮುಧೋಳ)

ಉತ್ತರ: ಬುಕ್ ವ್ಯಾಲ್ಯೂನಿಂದ ನಿವ್ವಳ ಎನ್‌ಪಿಎ (ನಷ್ಟಕ್ಕೆ ಅಂತ ಎತ್ತಿಟ್ಟದ್ದು ಬಿಟ್ಟು ಉಳಿದ ಎನ್‌ಪಿಎ) ಕಳೆದು ಆಮೇಲೆ ಕೇಳಿ.