ಕಂಸದೊಳಗೆ ಉಳಿದ ಸಾಲು

ಪ್ರಿಯ ಬರಹಗಾರರೆ,

ಮಾರ್ವೆಲ್ ಸ್ಟುಡಿಯೋದ ಸೂಪರ್‌ಹೀರೋ ಸರಣಿಯ ಬಗ್ಗೆ ‘ವಾಂಡಾವಿಷನ್ ಮೊದಲ ಕಂತು: ಅಭಿಮಾನಿಗಳ ಪ್ರತಿಕ್ರಿಯೆ, ಒಂದು ಅವಲೋಕನ’ ಎಂಬ ನಿಮ್ಮ ಒಂಬತ್ತು ಪುಟಗಳ ಲೇಖನ ತಲುಪಿತು. ಎರಡು ಸಲ ಓದಿದೆ. ಈಗಿರುವ ರೂಪದಲ್ಲಿ ಅದನ್ನು ನಮ್ಮ ಮಾಸಪತ್ರಿಕೆಯಲ್ಲಿ ಪ್ರಕಟಿಸಲಾರೆ. ಈ ಮಾತಿಗಾಗಿ ನಿಮ್ಮನ್ನು ಪತ್ರದ ಕೊನೆಯವರೆಗೆ ಕಾಯಿಸುವುದು ನ್ಯಾಯವಲ್ಲವೆಂದು ಮೊದಲೇ ಹೇಳಿಬಿಟ್ಟೆ. ಆದರೆ ಎರಡು ಸಾಲಿನ ವಿಷಾದ ಬರೆದು ಹಿಂದಿರುಗಿಸಲು ಮನಸ್ಸು ಒಪ್ಪುತ್ತಿಲ್ಲ. ನಾಲ್ಕನೆಯ ಪುಟದಲ್ಲಿ ಕಂಸದೊಳಗೆ ನೀವು ಒಂದು ಸಾಲು ಬರೆದಿದ್ದೀರಿ. ಆ ಸಾಲು ನನ್ನನ್ನು ಎರಡು ದಿನದಿಂದ ಕಾಡುತ್ತಿದೆ. ಈ ಪತ್ರ ಉದ್ದವಾಗುತ್ತಿರುವುದು ಅದರ ಸಲುವಾಗಿ.

ಮೊದಲ ಮೂರು ಪುಟಗಳ ಬಗ್ಗೆ ಬೇಗ ಹೇಳಿ ಮುಗಿಸುತ್ತೇನೆ. ಅವುಗಳಲ್ಲಿ ‘ಅಭಿಮಾನಿಗಳು’ ಎಂಬ ಪದ ಮೂವತ್ತೊಂದು ಸಲ ಬಂದಿದೆ. ಅಭಿಮಾನಿಗಳು ಬೆರಗಾದರು, ಅಭಿಮಾನಿಗಳು ಗೊಂದಲಗೊಂಡರು, ಕೆಲವು ಅಭಿಮಾನಿಗಳಿಗೆ ಹಿಡಿಸಿತು, ಕೆಲವರಿಗೆ ಹಿಡಿಸಲಿಲ್ಲ. ಯಾವ ಊರಿನವರು, ಎಲ್ಲಿ ಕುಳಿತು ನೋಡಿದರು, ಬೆರಗಾದಾಗ ಏನು ಮಾಡಿದರು ಎಂಬುದು ಒಂದು ಕಡೆಯೂ ಇಲ್ಲ. ಇದನ್ನು ಯಾರು ಬೇಕಾದರೂ, ಯಾವ ಸರಣಿಯ ಬಗ್ಗೆ ಬೇಕಾದರೂ ಬರೆಯಬಹುದು. ಸರಣಿಯ ಹೆಸರು ಬದಲಿಸಿದರೆ ಸಾಕು, ಒಂದಕ್ಷರ ತಿದ್ದುವ ಕೆಲಸವಿಲ್ಲ.

ನಾಲ್ಕನೆಯ ಪುಟಕ್ಕೆ ಬಂದಾಗ ನೀವು ಹಾಸನಕ್ಕೆ ಬರುತ್ತೀರಿ. 2021ರ ಜನವರಿ 15, ಶುಕ್ರವಾರ, ಸಂಕ್ರಾಂತಿಯ ಮರುದಿನ. ಸಾಲಗಾಮೆ ರಸ್ತೆಯ ಬಾಡಿಗೆ ಕೋಣೆಯಲ್ಲಿ ಐದು ಜನ ಗೆಳೆಯರು, ಒಂದು ಹಳೆಯ ಲ್ಯಾಪ್‌ಟಾಪ್, ಒಬ್ಬನ ಮೊಬೈಲಿನಿಂದ ಹಂಚಿಕೊಂಡ ಇಂಟರ್ನೆಟ್. ಹಬ್ಬ ಮುಗಿಸಿ ಊರಿನಿಂದ ಬಂದವನು ತಂದ ಎಳ್ಳುಬೆಲ್ಲದ ಡಬ್ಬಿ ನಡುವೆ ಇದೆ. ಆಲೂರಿನ ಗೆಳೆಯ ಚಿತ್ರ ಪರದೆಯ ತುಂಬ ಬರುತ್ತಿಲ್ಲವೆಂದು ಕೀಲಿಗಳನ್ನು ಒತ್ತುತ್ತಿದ್ದಾನೆ. ಹಳೆಯ ಟಿವಿಯ ಅಳತೆಯಲ್ಲಿ, ನಾಲ್ಕಕ್ಕೆ ಮೂರರ ಚೌಕಟ್ಟಿನಲ್ಲಿ ಅದನ್ನು ತೆಗೆದಿದ್ದಾರೆಂದು ಅವನಿಗೆ ಗೊತ್ತಿಲ್ಲ. ಇಷ್ಟನ್ನು ಆರು ಸಾಲಿನಲ್ಲಿ ಹೇಳಿ ನೀವು ಮತ್ತೆ ‘ಜಗತ್ತಿನಾದ್ಯಂತ’ ಎಂದು ಹೊರಟುಬಿಡುತ್ತೀರಿ. ಹೊರಡುವ ಮುನ್ನ ಈ ಕಂಸ: ‘(ಶ್ರೀಮತಿ ಹಾರ್ಟ್ ಒಂದೇ ಮಾತನ್ನು ಮತ್ತೆ ಮತ್ತೆ ಹೇಳುವಾಗ ನೆಟ್ ನಿಂತಿತೆಂದು ತಿಳಿದು ನಮ್ಮ ಗೆಳೆಯನೊಬ್ಬ ಮೊಬೈಲನ್ನು ಕಿಟಕಿಗೆ ತೆಗೆದುಕೊಂಡು ಹೋಗಿ ಇಟ್ಟ.)’

ಇಲ್ಲಿ ನಾನು ಓದುವುದನ್ನು ನಿಲ್ಲಿಸಿದೆ.

ಸರಣಿಯನ್ನು ನೋಡದ ಓದುಗರಿಗಾಗಿ ಆ ದೃಶ್ಯವನ್ನು ನೀವು ವಿವರಿಸಲೇಬೇಕು, ವಿವರಿಸಿಲ್ಲ. ವಾಂಡಾಳ ಗಂಡ ವಿಷನ್‌ನ ಮೇಲಧಿಕಾರಿ ಮತ್ತು ಅವರ ಹೆಂಡತಿ ಶ್ರೀಮತಿ ಹಾರ್ಟ್ ಊಟಕ್ಕೆ ಬಂದಿದ್ದಾರೆ. ಕಪ್ಪು ಬಿಳುಪಿನ ಹಳೆಯ ಹಾಸ್ಯ ಧಾರಾವಾಹಿಯ ಧಾಟಿಯಲ್ಲಿ ಎಲ್ಲವೂ ಸಾಗುತ್ತಿದೆ, ಮಾತಿಗೊಮ್ಮೆ ಪ್ರೇಕ್ಷಕರ ನಗು ಕೇಳುತ್ತದೆ. ಅತಿಥಿಗಳು ಕೇಳುತ್ತಾರೆ: ಎಲ್ಲಿಂದ ಬಂದಿರಿ, ಮದುವೆ ಯಾವಾಗ ಆಯಿತು, ಮಕ್ಕಳು ಏಕಿಲ್ಲ? ವಾಂಡಾ, ವಿಷನ್ ಇಬ್ಬರಿಗೂ ಉತ್ತರ ಹೊಳೆಯುವುದಿಲ್ಲ. ಮೇಲಧಿಕಾರಿ ಸಿಟ್ಟಾಗಿ ಮೇಜು ಗುದ್ದುತ್ತಾರೆ, ತುತ್ತು ಗಂಟಲಿಗೆ ಸಿಕ್ಕಿಕೊಳ್ಳುತ್ತದೆ. ಅವರ ಹೆಂಡತಿ ನಗುತ್ತಲೇ ‘ನಿಲ್ಲಿಸು’ ಎನ್ನುತ್ತಾಳೆ. ಮತ್ತೆ ‘ನಿಲ್ಲಿಸು’, ಮತ್ತೆ ‘ನಿಲ್ಲಿಸು’. ಹೇಳುತ್ತ ಹೇಳುತ್ತ ದನಿ ಬದಲಾಗುತ್ತದೆ, ಆ ಮಾತು ಗಂಡನಿಗೋ ವಾಂಡಾಳಿಗೋ ತಿಳಿಯದಂತಾಗುತ್ತದೆ. ಪ್ರೇಕ್ಷಕರ ನಗು ನಿಂತಿದೆ. ಕ್ಯಾಮೆರಾ ಮುಖಗಳ ಹತ್ತಿರಕ್ಕೆ ಬಂದಿದೆ. ಆಮೇಲೆ ವಾಂಡಾ ನೆರವಾಗಲು ಹೇಳುತ್ತಾಳೆ, ವಿಷನ್ ಮೇಲಧಿಕಾರಿಯ ಗಂಟಲೊಳಗೆ ಕೈ ತೂರಿಸಿ ತುತ್ತನ್ನು ತೆಗೆಯುತ್ತಾನೆ, ಏನೂ ಆಗದವರಂತೆ ಎಲ್ಲರೂ ಎದ್ದು ನಿಲ್ಲುತ್ತಾರೆ.

ಆ ಕಂತು ಕಟ್ಟಿದ ಲೋಕದಲ್ಲಿ ಬಿರುಕು ಬಿಡುವುದು ಸರಿಯಾಗಿ ಇಲ್ಲಿ. ಇದನ್ನು ಬರೆದವರು, ನಿರ್ದೇಶಿಸಿದವರು ಪ್ರೇಕ್ಷಕನಲ್ಲಿ ಹುಟ್ಟಿಸಲು ಬಯಸಿದ ಸಂಶಯ ಒಂದೇ: ಏನೋ ಕೆಟ್ಟಿದೆ. ನಿಮ್ಮ ಕೋಣೆಯಲ್ಲಿ ಆ ಸಂಶಯ ಹುಟ್ಟಿತು, ಆದರೆ ಕೆಟ್ಟಿರುವುದು ನೆಟ್ ಎಂದು ಅನಿಸಿತು. ಒಬ್ಬ ಹುಡುಗ ಎದ್ದು ಕಿಟಕಿಯವರೆಗೆ ನಡೆದ. ಅದಕ್ಕಿಂತ ನಿಜವಾದ ಪ್ರತಿಕ್ರಿಯೆ ಎಲ್ಲಿ ಸಿಗುತ್ತದೆ? ಒಳ್ಳೆಯ ಸಿಗ್ನಲ್ ಇರುವ ಊರಿನಲ್ಲಿ ಕುಳಿತು ನೋಡಿದವನಿಗೆ ಇಂಥ ಅನುಭವ ಆಗುವುದೇ ಇಲ್ಲ. ಇದು ನಿಮಗೆ ಮಾತ್ರ ದಕ್ಕಿದ್ದು, ನೀವು ಅದನ್ನು ಕಂಸದೊಳಗೆ ಹಾಕಿ ಬದಿಗೆ ಸರಿಸಿದ್ದೀರಿ.

ಇನ್ನೊಂದು ಮಾತು. ತೆರೆಯ ಮೇಲೆ ಒಬ್ಬನ ಗಂಟಲಿಗೆ ತುತ್ತು ಸಿಕ್ಕಿಕೊಂಡಾಗ ನಿಮ್ಮೆಲ್ಲರ ಬಾಯಲ್ಲಿ ಎಳ್ಳುಬೆಲ್ಲವಿತ್ತು. ಹುರಿಗಡಲೆ, ಕೊಬ್ಬರಿ ಚೂರು, ಅಚ್ಚು ಬೆಲ್ಲ ಕಟಕಟ ಜಗಿಯುವ ಸದ್ದು ಆ ಸಣ್ಣ ಕೋಣೆಯಲ್ಲಿ ಚೆನ್ನಾಗಿಯೇ ಕೇಳಿರಬೇಕು. ಲ್ಯಾಪ್‌ಟಾಪಿನ ನಗು ನಿಂತಾಗ ಆ ಸದ್ದೂ ನಿಂತಿತೇ? ಯಾರಾದರೂ ನುಂಗಲು ಹಿಂಜರಿದರೇ? ನೆನಪು ಮಾಡಿಕೊಳ್ಳಿ, ನೆನಪಾದಷ್ಟನ್ನೇ ಬರೆಯಿರಿ. ಎಳ್ಳುಬೆಲ್ಲವನ್ನು ಈಗ ನೀವು ಹಬ್ಬದ ಅಲಂಕಾರಕ್ಕೆ ಇಟ್ಟಂತಿದೆ.

ಲೇಖನದ ಜೊತೆಗೆ ಕಳುಹಿಸಿದ ಪತ್ರದಲ್ಲಿ ನೀವು ಬರೆದ ಸಂಗತಿಯೊಂದು ಲೇಖನದಲ್ಲಿ ಏಕಿಲ್ಲ? ಅತಿಥಿಗಳು ಊರು, ಮದುವೆ, ಮಕ್ಕಳ ವಿಷಯ ಕೇಳುವಾಗ ಹೊಳೆನರಸೀಪುರದ ಗೆಳೆಯ ಬಿದ್ದು ಬಿದ್ದು ನಕ್ಕನಂತೆ, ‘ಇವರು ನಮ್ಮ ದೊಡ್ಡತ್ತೆಯ ಹಾಗೆಯೇ ವಿಚಾರಿಸುತ್ತಾರಲ್ಲ’ ಎಂದನಂತೆ. ಅವನು ನಕ್ಕದ್ದು ಆ ಪ್ರಶ್ನೆಗಳು ನಮ್ಮ ಪ್ರತಿ ಮನೆಯ ಜಗಲಿಯಲ್ಲಿ ಕೇಳಿಬರುವಂಥವು ಎಂಬ ಕಾರಣಕ್ಕೆ. ಮರುಕ್ಷಣವೇ ಅದೇ ಪ್ರಶ್ನೆಗಳು ಭಯ ಹುಟ್ಟಿಸುತ್ತವೆ. ನಗುತ್ತಿದ್ದವನ ಮುಖ ಆಗ ಹೇಗಾಯಿತು? ನೀವು ಪಕ್ಕದಲ್ಲಿಯೇ ಇದ್ದಿರಿ. ನಿಮ್ಮ ಆ ಪತ್ರ ಲೇಖನಕ್ಕಿಂತ ಚೆನ್ನಾಗಿದೆ ಎಂದು ಹೇಳಲು ನನಗೆ ಸಂಕೋಚವಿಲ್ಲ. ಅಲ್ಲಿ ನೀವು ನನ್ನೊಡನೆ ಮಾತನಾಡಿದ್ದೀರಿ, ಲೇಖನದಲ್ಲಿ ಭಾಷಣ ಮಾಡಿದ್ದೀರಿ.

ಈಗ ತಪ್ಪುಗಳು. ಪೊದೆಯಲ್ಲಿ ಸಿಗುವ ಬಣ್ಣದ ಆಟಿಕೆ ಹೆಲಿಕಾಪ್ಟರ್, ರಸ್ತೆಯ ಗುಂಡಿಯಿಂದ ಮೇಲೆ ಬರುವ ಜೇನು ಸಾಕುವವನ ವೇಷದ ವ್ಯಕ್ತಿ, ಇವೆರಡೂ ಎರಡನೆಯ ಕಂತಿನವು. ಮೊದಲ ಎರಡು ಕಂತುಗಳು ಒಂದೇ ದಿನ ಬಂದಿದ್ದರಿಂದ ನಿಮ್ಮ ನೆನಪಿನಲ್ಲಿ ಕಲಸಿಹೋಗಿವೆ. ಮೊದಲ ಕಂತಿನ ಕಪ್ಪು ಬಿಳುಪಿನ ನಡುವೆ ಕೆಂಪಾಗಿ ಮಿನುಗುವುದು ಟೋಸ್ಟರ್ ಜಾಹೀರಾತಿನ ಒಂದು ಸಣ್ಣ ದೀಪ. ನಗುವನ್ನು ‘ಕಂಪ್ಯೂಟರಿನಲ್ಲಿ ಸೇರಿಸಿದ್ದು’ ಎಂದಿದ್ದೀರಿ. ಆ ಕಂತನ್ನು ನಿಜವಾದ ಪ್ರೇಕ್ಷಕರನ್ನು ಎದುರಿಗೆ ಕೂರಿಸಿಕೊಂಡು ಚಿತ್ರೀಕರಿಸಿದರು, ಕಂತಿನ ಶೀರ್ಷಿಕೆಯೇ ಅದನ್ನು ಹೇಳುತ್ತದೆ. ವಿಷನ್‌ನ ಮುಖಕ್ಕೆ ಕೆಂಪು ಹಚ್ಚಿದ್ದರೆಂದೂ ಬರೆದಿದ್ದೀರಿ. ಕಪ್ಪು ಬಿಳುಪಿನ ದೃಶ್ಯಗಳಿಗಾಗಿ ನಟ ಪಾಲ್ ಬೆಟನಿಗೆ ನೀಲಿ ಬಣ್ಣ ಬಳಿದಿದ್ದರು, ಬೂದು ಛಾಯೆಯಲ್ಲಿ ಕೆಂಪಿಗಿಂತ ನೀಲಿಯೇ ಚೆನ್ನಾಗಿ ಕಾಣುತ್ತದೆಂದು. ಇಂಥ ಸಂಗತಿಯನ್ನು ತಪ್ಪು ಬರೆದರೆ ಸರಣಿಯನ್ನು ಬಲ್ಲ ಓದುಗ ನಿಮ್ಮ ಕೋಣೆಯ ಕಥೆಯನ್ನೂ ನಂಬುವುದಿಲ್ಲ.

ನನಗೆ ಹೆಚ್ಚು ನೋವಾದದ್ದು ಆರನೆಯ ಪುಟದಲ್ಲಿ. ‘ಇದೆಲ್ಲ ವಾಂಡಾಳ ದುಃಖವೇ ಕಟ್ಟಿದ ಲೋಕವೆಂದು ಸೂಕ್ಷ್ಮ ಪ್ರೇಕ್ಷಕರಿಗೆ ಮೊದಲ ಕಂತಿನಲ್ಲಿಯೇ ಹೊಳೆದಿತ್ತು’ ಎಂದಿದ್ದೀರಿ. ಯಾರಿಗೆ ಹೊಳೆಯಿತು? ನಿಮ್ಮ ಕೋಣೆಯಲ್ಲಿ ಯಾರಿಗೂ ಹೊಳೆಯಲಿಲ್ಲ, ನಿಮ್ಮದೇ ಮಾತುಗಳು ಅದನ್ನು ತೋರಿಸುತ್ತವೆ. ಒಂಬತ್ತು ಕಂತುಗಳು ಮುಗಿದದ್ದು ಮಾರ್ಚ್ 5ರಂದು. ಅಷ್ಟು ವಾರಗಳಲ್ಲಿ ತಿಳಿದುಕೊಂಡದ್ದನ್ನು ನೀವು ಜನವರಿ 15ರ ಸಂಜೆಗೆ ಒಯ್ದು ಇಟ್ಟಿದ್ದೀರಿ. ಮೊದಲ ಕಂತಿನ ಸೊಗಸೆಲ್ಲ ತಿಳಿಯದಿರುವುದರಲ್ಲಿದೆ. 2018ರ ಸಿನಿಮಾದಲ್ಲಿ ವಿಷನ್‌ನ ಹಣೆಯ ಕಲ್ಲನ್ನು ಕಿತ್ತು ಕೊಂದದ್ದನ್ನು ನೀವೆಲ್ಲ ಕಣ್ಣಾರೆ ನೋಡಿದ್ದಿರಿ. ಸತ್ತವನು ಈಗ ಅಂಗಿ, ಟೈ ತೊಟ್ಟು ಅಡುಗೆಮನೆಯಲ್ಲಿ ನಗುತ್ತ ನಿಂತಿದ್ದಾನೆ. ಆಗ ಕೋಣೆಯಲ್ಲಿ ಯಾರು ಏನು ಕೇಳಿದರು? ತಪ್ಪಾದ ಊಹೆಗಳು ಎಷ್ಟು ಬಂದವು? ಆ ತಪ್ಪು ಊಹೆಗಳನ್ನು ನಾಚಿಕೆಯಿಲ್ಲದೆ ಬರೆಯಿರಿ.

ಅರಕಲಗೂಡಿನ ಗೆಳೆಯನ ವಿಷಯಕ್ಕೆ ಬರುತ್ತೇನೆ. ಅವನು ‘ಇದಕ್ಕಾಗಿ ಕಾದೆವೇ?’ ಎಂದು ನಡುವೆಯೇ ಎದ್ದು ಹೋದ. ನೀವು ಅವನನ್ನು ‘ನಿಜವಾದ ಅಭಿಮಾನಿಯಲ್ಲ’ ಎಂದು ಒಂದು ಸಾಲಿನಲ್ಲಿ ಮುಗಿಸಿದ್ದೀರಿ. ನನಗೆ ಹಾಗೆ ಕಾಣುವುದಿಲ್ಲ. 2019ರ ಜುಲೈನಲ್ಲಿ ಸ್ಪೈಡರ್‌ಮ್ಯಾನ್ ಸಿನಿಮಾ ಬಂದ ಮೇಲೆ ಮಾರ್ವೆಲ್ ಸ್ಟುಡಿಯೋದಿಂದ ಒಂದೂವರೆ ವರ್ಷ ಹೊಸದೇನೂ ಬರಲಿಲ್ಲ. ಕೊರೊನಾದಿಂದ 2020ರ ಮೇ ತಿಂಗಳ ಸಿನಿಮಾ ಮುಂದಕ್ಕೆ ಹೋಯಿತು, ಮೊದಲು ಬರಬೇಕಿದ್ದ ಬೇರೆ ಸರಣಿಯೂ ತಡವಾಯಿತು. ಆ ಹುಡುಗ ಊರಿನಲ್ಲಿ ಕುಳಿತು ಅಷ್ಟೂ ದಿನ ಕಾದಿದ್ದ. ಹೊಡೆದಾಟ ನೋಡಲು ಬಂದವನ ಮುಂದೆ ಬಾಣಲೆ, ತಟ್ಟೆ, ಹಳೆಯ ಕಾಲದ ಚೇಷ್ಟೆ. ಅವನ ಸಿಟ್ಟು ಕಾದವನ ಸಿಟ್ಟು. ಕಾಯದವನಿಗೆ ಸಿಟ್ಟು ಬರುವುದಿಲ್ಲ. ನಿಮ್ಮ ಲೇಖನದಲ್ಲಿ ಅವನಿಗೂ ಒಂದು ಪುಟ ಸಿಗಬೇಕು. ಮುಂದಿನ ಶುಕ್ರವಾರ ಅವನು ಮರಳಿ ಬಂದನೇ ಎಂಬುದನ್ನು ತಿಳಿಯುವ ಆಸೆ ನನಗಿದೆ.

ನನ್ನದೊಂದು ನೆನಪನ್ನು ಹೇಳುತ್ತೇನೆ, ನೀವು ಕೇಳದಿದ್ದರೂ. 1997ರ ಸೆಪ್ಟೆಂಬರ್‌ನಲ್ಲಿ ದೂರದರ್ಶನದಲ್ಲಿ ಶಕ್ತಿಮಾನ್ ಆರಂಭವಾದಾಗ ನಾನು ಚನ್ನರಾಯಪಟ್ಟಣದ ಹತ್ತಿರದ ಹಳ್ಳಿಯಲ್ಲಿ ಪ್ರೌಢಶಾಲೆಯ ಹುಡುಗ. ಪಕ್ಕದ ಮನೆಯಲ್ಲಿ ಕಪ್ಪು ಬಿಳುಪು ಟಿವಿ ಇತ್ತು. ನಮ್ಮ ಬೀದಿಯಲ್ಲಿ ಹಿಂದಿ ತಿಳಿದವರು ಸೈನ್ಯದಿಂದ ನಿವೃತ್ತರಾಗಿ ಬಂದಿದ್ದ ಒಬ್ಬರೇ. ಅವರು ಕುರ್ಚಿಯಲ್ಲಿ ಕುಳಿತು ಮಾತುಗಳನ್ನು ಕನ್ನಡದಲ್ಲಿ ಹೇಳುತ್ತಿದ್ದರು, ನಾವು ಹದಿನೈದು ಮಕ್ಕಳು ನೆಲದ ಮೇಲೆ ಕುಳಿತು ಅರ್ಧ ಟಿವಿಯನ್ನೂ ಅರ್ಧ ಅವರ ಬಾಯನ್ನೂ ನೋಡುತ್ತಿದ್ದೆವು. ಅವರು ಹೇಳಿ ಮುಗಿಸುವಷ್ಟರಲ್ಲಿ ತೆರೆಯ ಮೇಲೆ ಮುಂದಿನ ಮಾತು ಆಗಿರುತ್ತಿತ್ತು. ಹೀಗಾಗಿ ನಾವು ಯಾವಾಗಲೂ ಒಂದು ಗಳಿಗೆ ತಡವಾಗಿ ನಗುತ್ತಿದ್ದೆವು, ತಡವಾಗಿ ಹೆದರುತ್ತಿದ್ದೆವು. ಶಕ್ತಿಮಾನ್‌ನ ಉಡುಪಿನ ಬಣ್ಣ ಯಾವುದೆಂದು ಜಗಳವಾಡಿದೆವು. ನಾನು ಹಸಿರು ಎಂದು ಪಣ ಕಟ್ಟಿದ್ದೆ. ದಸರಾ ರಜೆಯಲ್ಲಿ ಹಾಸನದ ಸೋದರತ್ತೆಯ ಮನೆಯಲ್ಲಿ ಬಣ್ಣದ ಟಿವಿ ನೋಡಿದಾಗ ಅದು ಕೆಂಪು, ಮೇಲೆ ಚಿನ್ನದ ಬಣ್ಣ. ಯಾರೋ ನನ್ನ ವಸ್ತುವನ್ನು ಕಿತ್ತುಕೊಂಡಂತೆ ಅಳು ಬಂದಿತು. ಆ ದಿನಗಳ ಕಂತುಗಳ ಕಥೆ ಮರೆತೇಹೋಗಿದೆ. ಆ ಹಸಿರು ಮರೆತಿಲ್ಲ.

ನಿಮ್ಮ ಕಂಸದ ಸಾಲು ಓದಿದಾಗ ನನಗೆ ನೆನಪಾದದ್ದು ಆ ಹಸಿರು.

ಭಾಷೆಯ ವಿಷಯ. ‘ಅಭಿಮಾನಿಗಳ ಮನಸ್ಸನ್ನು ಸ್ಫೋಟಿಸಿತು’, ‘ಸೀಟಿನ ತುದಿಯಲ್ಲಿ ಕೂರಿಸಿತು’ ಎಂದೆಲ್ಲ ಬರೆದಿದ್ದೀರಿ. ನೀವು ಐವರೂ ಚಾಪೆಯ ಮೇಲೆ ಕುಳಿತಿದ್ದಿರಿ, ಯಾವ ಸೀಟಿನ ತುದಿ? ಮೈ ಜುಮ್ಮೆಂದಿದ್ದರೆ ಹಾಗೆಂದು ಬರೆಯಿರಿ, ಮಾತು ಹೊರಡದಿದ್ದರೆ ಯಾರೂ ಮಾತನಾಡಲಿಲ್ಲ ಎಂದಷ್ಟೇ ಬರೆಯಿರಿ. ಎಂಟನೆಯ ಪುಟದಲ್ಲಿ ವಾಂಡಾಳನ್ನು ಬೇಲೂರಿನ ಶಿಲಾಬಾಲಿಕೆಗೆ ಹೋಲಿಸಿದ ಭಾಗವನ್ನು ಪೂರ್ತಿ ತೆಗೆಯಿರಿ. ಲೇಖನದಲ್ಲಿ ಹಾಸನ ಬರಲೆಂದು ಅದನ್ನು ಸೇರಿಸಿದ್ದೀರೆಂದು ಕಾಣುತ್ತದೆ. ಹಾಸನ ಆಗಲೇ ಬಂದಿದೆ, ಆ ಡಬ್ಬಿಯಲ್ಲಿದೆ, ಕಿಟಕಿಯ ಮೇಲಿಟ್ಟ ಮೊಬೈಲಿನಲ್ಲಿದೆ.

ಹೀಗೆ ಮಾಡಿ. ಮೊದಲ ಮೂರು ಪುಟಗಳನ್ನು ಬಿಟ್ಟುಬಿಡಿ. ಕೊನೆಯ ಪುಟದಲ್ಲಿ ಸೂಪರ್‌ಹೀರೋ ಕಥೆಗಳಿಂದ ಸಮಾಜ ಕಲಿಯಬೇಕಾದ ಪಾಠವೆಂದು ಬರೆದದ್ದನ್ನೂ ಬಿಡಿ. ಉಳಿದ ನಾಲ್ವರಿಗೂ ಒಮ್ಮೆ ಫೋನ್ ಮಾಡಿ, ಆ ಸಂಜೆಯ ಬಗ್ಗೆ ಒಬ್ಬೊಬ್ಬರನ್ನೇ ಬೇರೆ ಬೇರೆಯಾಗಿ ಕೇಳಿ. ನೆನಪುಗಳು ತಾಳೆಯಾಗದಿದ್ದರೆ ತಿದ್ದಿ ಒಂದಾಗಿಸಬೇಡಿ, ಹಾಗೆಯೇ ಬರೆಯಿರಿ. ಆ ಕಂತನ್ನು ಇನ್ನೊಮ್ಮೆ ನೋಡುವುದಾದರೆ ಫೋನುಗಳೆಲ್ಲ ಮುಗಿದ ಮೇಲೆ ನೋಡಿ, ಸಂಗತಿಗಳನ್ನು ತಾಳೆ ನೋಡುವುದಕ್ಕೆ ಮಾತ್ರ. ಸಾವಿರದ ಇನ್ನೂರು ಪದಗಳ ಒಳಗೆ ಇರಲಿ. ಮುಂದಿನ ತಿಂಗಳ ಹತ್ತರ ಒಳಗೆ ಕಳುಹಿಸಿದರೆ ಅದರ ಮುಂದಿನ ಸಂಚಿಕೆಗೆ ನಾನೇ ಕೂತು ನೋಡುತ್ತೇನೆ.

ಕಂಸವನ್ನು ಅಳಿಸಿ, ಲೇಖನವನ್ನು ಆ ಸಾಲಿನಿಂದಲೇ ಆರಂಭಿಸಿ. ಮೊಬೈಲನ್ನು ಕಿಟಕಿಗೆ ಇಟ್ಟವನು ತಿರುಗಿ ನೋಡುವಷ್ಟರಲ್ಲಿ ತೆರೆಯ ಮೇಲೆ ಶ್ರೀಮತಿ ಹಾರ್ಟ್ ಇನ್ನೂ ಅದೇ ಮಾತನ್ನು ಹೇಳುತ್ತಿದ್ದಳೇ? ನೆಟ್ ನಿಂತಿಲ್ಲವೆಂದು ಅವನಿಗೆ ಯಾರು ಹೇಳಿದರು?

ನಿಮ್ಮ ವಿಶ್ವಾಸಿ,
ಸಂಪಾದಕ
ಹಾಸನ